ಜಲವಿಮುಖ ಪೊರೆ: ಒಂದು ಪರಿಭಾಷಾ ಟಿಪ್ಪಣಿ

ಚೆನ್ನೈನ ಬೆಸೆಂಟ್ ನಗರದ ಉತ್ತರದ ಅಂಚಿನಲ್ಲಿ ಅಡ್ಯಾರು ನದಿ ಕಡಲನ್ನು ಸೇರುತ್ತದೆ. 2019ರ ಹಿಂಗಾರಿನಲ್ಲಿ ಚೆನ್ನೈನ ಕಡಲತೀರವನ್ನು ದಿನಗಟ್ಟಲೆ ಬಿಳಿಯ ನೊರೆ ಆವರಿಸಿತ್ತು. ಸಂಸ್ಕರಿಸದ ಕೊಳಚೆಯೊಡನೆ ಬಂದ ಮಾರ್ಜಕಗಳು ಅದಕ್ಕೆ ಕಾರಣವೆಂದು ತಜ್ಞರು ಹೇಳಿದರು. ಆ ನೊರೆಯ ಗುಳ್ಳೆಯೂ ಜೀವಕೋಶದ ಪೊರೆಯೂ ಒಂದೇ ಸ್ವಭಾವದ ಅಣುಗಳನ್ನು ಆಶ್ರಯಿಸಿವೆ. ಅಣುವಿನ ತಲೆ ನೀರಿಗೆ ಒಲಿಯುತ್ತದೆ, ಎಣ್ಣೆಯಂತಹ ಬಾಲ ಒಲಿಯದು. ಗುಳ್ಳೆಯಲ್ಲಿ ಬಾಲಗಳು ಹೊರಗಿನ ಗಾಳಿಗೆ ಚಾಚಿಕೊಂಡರೆ, ನೀರೊಳಗಣ ಪೊರೆಯಲ್ಲಿ ಅವು ಎರಡು ಪದರಗಳ ನಡುವೆ ಅಡಗುತ್ತವೆ. ಈ ಇಮ್ಮಡಿ ಪದರದ ದಪ್ಪ ಸುಮಾರು 4ರಿಂದ 5 ನ್ಯಾನೊಮೀಟರ್.

ಈ ಬಾಲದ ಗುಣವನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು? ಹೊರನಾಡಿನಲ್ಲಿ ವಿಜ್ಞಾನಗ್ರಂಥಗಳನ್ನು ಕನ್ನಡಕ್ಕೆ ತರುವವರಿಗೆ ಇದು ಸಣ್ಣ ತೊಡಕಲ್ಲ. 'ಜಲಭೀತಿ' ಎಂದರೆ ಹುಚ್ಚುನಾಯಿ ಕಡಿತದ ರೋಗಲಕ್ಷಣ. 'ಜಲದ್ವೇಷಿ', 'ಜಲವಿಕರ್ಷಕ' ಎಂಬವು ಬಾಲವೇ ನೀರನ್ನು ತಳ್ಳುತ್ತದೆಂಬ ಭ್ರಮೆ ಹುಟ್ಟಿಸುತ್ತವೆ. ವಾಸ್ತವದಲ್ಲಿ ಎಣ್ಣೆಯ ಅಣುವಿಗೂ ನೀರಿನ ಅಣುವಿಗೂ ದುರ್ಬಲವಾದ ಆಕರ್ಷಣೆಯೇ ಇದೆ. ಆದರೆ ನೀರಿನ ಅಣುಗಳು ಪರಸ್ಪರ ಬಲವಾದ ಜಲಜನಕ ಬಂಧದಿಂದ ಕೂಡಿರುತ್ತವೆ. ನಡುವೆ ಬಂದ ಬಾಲವನ್ನು ಸುತ್ತುವರಿಯಲು ಅವು ತಮ್ಮ ಸ್ವಚ್ಛಂದ ಚಲನೆಯನ್ನು ಬಿಟ್ಟುಕೊಡಬೇಕಾಗುತ್ತದೆ. ವಾಲ್ಟರ್ ಕೌಜ್‌ಮನ್ 1959ರಲ್ಲಿ ಪ್ರೋಟೀನಿನ ಮಡಿಕೆಗೆ ಇದೇ ಕಾರಣವನ್ನು ಎತ್ತಿಹಿಡಿದರು. ಅಲ್ಲಿರುವುದು ಹಗೆಯಲ್ಲ, ನೆಂಟರ ಕೂಟದಲ್ಲಿ ಹೊರಗಿನವನಿಗೆ ಎಡೆಯಿಲ್ಲ, ಅಷ್ಟೆ. ಆದುದರಿಂದ ಬಾಲಕ್ಕೆ 'ಜಲವಿಮುಖ', ತಲೆಗೆ 'ಜಲಾಭಿಮುಖ' ಎಂಬ ಪದಗಳೇ ಯುಕ್ತವೆಂದು ನಮ್ಮ ಅಭಿಮತ. (ಕಾವ್ಯಾಭ್ಯಾಸಿಗಳಾದ ನಮಗೆ ತಾವರೆಯೆಲೆಯ ಮೇಲಣ ಹನಿ ನೆನಪಾಗುವುದು ಸಹಜ. ಆದರೆ ಆ ಎಲೆಯದು ಮೇಣದಿಂದಲೂ ಸೂಕ್ಷ್ಮ ಉಬ್ಬುಗಳಿಂದಲೂ ಕೂಡಿದ ಗಟ್ಟಿ ಮೈ. ಅಣುಗಳು ತಾವಾಗಿ ನೆರೆದು ಬಾಗುವ ಪೊರೆಯಲ್ಲ.)

ಪೊರೆ ಮಡಿಯುವ ಬಗೆಗೂ ಈ ವೈಮುಖ್ಯವೇ ಮೂಲ. ಹಾಳೆಯಂತೆ ಹರಡಿದ ಪೊರೆಯ ಅಂಚಿನಲ್ಲಿ ಬಾಲಗಳು ನೀರಿಗೆ ತೆರೆದುಕೊಳ್ಳುತ್ತವೆ. ಹಾಳೆ ಹಿರಿದಾದಂತೆ ಅಂಚಿನ ಶಕ್ತಿವ್ಯಯ ಏರುತ್ತಲೇ ಹೋಗುತ್ತದೆ. ಅದನ್ನು ಬಾಗಿಸಿ ಗೋಲವಾಗಿ ಮುಚ್ಚುವ ವೆಚ್ಚವಾದರೋ, ಹೆಲ್‌ಫ್ರಿಶ್ 1973ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ಗೋಲದ ಗಾತ್ರವನ್ನು ಅವಲಂಬಿಸದು. ಹೀಗಾಗಿ ಒಂದು ಮಿತಿಯನ್ನು ಮೀರಿದೊಡನೆ ಮುಚ್ಚಿಕೊಳ್ಳುವುದೇ ಅಗ್ಗ.

ಹಾಗೆ ಮುಚ್ಚಿದ ಕೋಶದ ಹೊರಗೆ ಉಪ್ಪು ಹೆಚ್ಚಿದರೆ ಒಳಗಿನ ನೀರು ಹೊರಸರಿಯುತ್ತದೆ. ಘನಗಾತ್ರ ಕುಗ್ಗುತ್ತದೆ, ಮೇಲ್ಮೈ ಬಹುಮಟ್ಟಿಗೆ ಕುಗ್ಗದು. ಆಗ ಪೊರೆ ಗುಳಿಬೀಳುತ್ತದೆ, ಉದ್ದವಾಗುತ್ತದೆ, ಸುಕ್ಕುಗಟ್ಟುತ್ತದೆ. ನೀರಿಗೆ ಮದ್ಯಸಾರವನ್ನು ಹೆಚ್ಚಾಗಿ ಬೆರೆಸಿದರೆ ನೀರಿನ ಆ ಕೂಟವೇ ಸಡಿಲಗೊಂಡು ಪೊರೆ ಕರಗಬಹುದು. ದ್ರಾವಕವೇ ಎಣ್ಣೆಯಾದಲ್ಲಿ ಮುಖಗಳು ತಿರುಗುತ್ತವೆ: ಇಂತಹ ಹಲವು ಅಣುಗಳು ಅಲ್ಲಿ ತಲೆಗಳನ್ನು ಒಳಗಿಟ್ಟು, ಉಳಿದ ತುಸು ನೀರಿನ ಸುತ್ತ ನೆರೆಯುತ್ತವೆ.