ಹಲ್ಲಿನ ಶಸ್ತ್ರಕ್ರಿಯೆ, ಮಂಪರು ಮದ್ದು ಮತ್ತು ಪೋರ್ಫೀರಿಯ

ಹಲ್ಲು ಕೀಳಿಸಿಕೊಳ್ಳುವುದನ್ನು ದೊಡ್ಡ ಶಸ್ತ್ರಕ್ರಿಯೆಯೆಂದು ಯಾರೂ ಎಣಿಸುವುದಿಲ್ಲ. ಆದರೂ ದವಡೆಯೊಳಗೆ ಹೂತುಹೋದ ಬುದ್ಧಿಹಲ್ಲನ್ನು ತೆಗೆಯುವಾಗ, ಇಲ್ಲವೆ ಬೆದರಿದ ಮಗುವಿನ ಹಲವು ಹಲ್ಲುಗಳಿಗೆ ಒಮ್ಮೆಗೇ ಚಿಕಿತ್ಸೆ ನಡೆಸುವಾಗ, ರೋಗಿಗೆ ಮಂಪರು ಬರಿಸಬೇಕಾಗುತ್ತದೆ. ಬಹುಮಂದಿಗೆ ಇದರಿಂದ ಬಾಧಕವಿಲ್ಲ. ದೇಹದ ಚಯಾಪಚಯ ಕ್ರಿಯೆಯಲ್ಲಿ ಆಜನ್ಮ ದೋಷವುಳ್ಳ ಕೆಲವರಿಗೆ ಮಾತ್ರ ಮದ್ದೇ ವಿಷವಾಗಬಲ್ಲದು. ತೀವ್ರ ಸ್ವರೂಪದ ಪೋರ್ಫೀರಿಯ ಅಂತಹ ಒಂದು ದೋಷ.

ನಮ್ಮ ರಕ್ತಕ್ಕೆ ಕೆಂಪು ಬಣ್ಣವನ್ನೀಯುವ ಹೀಮ್ ಎಂಬ ವಸ್ತು ಎಂಟು ಕಿಣ್ವಗಳ ಸರಣಿಯಿಂದ ಸಿದ್ಧವಾಗುತ್ತದೆ. ಔಷಧಿಗಳನ್ನು ಅರಗಿಸುವ ಕಿಣ್ವಗಳಿಗಾಗಿ ಯಕೃತ್ತಿಗೂ ಹೀಮ್ ಬೇಕು. ಬಾರ್ಬಿಟ್ಯುರೇಟ್ ಜಾತಿಯ ಮದ್ದು ಒಳಹೊಕ್ಕೊಡನೆ ಈ ಬೇಡಿಕೆ ಹಠಾತ್ತನೆ ಏರುತ್ತದೆ. ಸರಣಿಯ ಒಂದು ಕಿಣ್ವ ದುರ್ಬಲವಾಗಿದ್ದರೆ, ಕಾಲುವೆಯ ತೂಬು ಕಟ್ಟಿದಾಗ ಹಿಂದೆ ನೀರು ನಿಲ್ಲುವಂತೆ, ಅರ್ಧಂಬರ್ಧ ತಯಾರಾದ ವಸ್ತುಗಳು ಶೇಖರವಾಗುತ್ತವೆ. ಅಸಹನೀಯ ಹೊಟ್ಟೆನೋವು, ಮನೋವಿಕಲತೆ, ಕೈಕಾಲುಗಳ ನಿಶ್ಶಕ್ತಿ ತಲೆದೋರಿ, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲಬಹುದು.

ದಕ್ಷಿಣ ಆಫ್ರಿಕದಲ್ಲಿ ಇದರ ಕಥೆ ವಿಶದವಾಗಿ ಬೆಳಕಿಗೆ ಬಂತು. ಅಂದಿನ ಪೋರ್ಟ್ ಎಲಿಜಬೆತ್‌ನಲ್ಲಿ ವೈದ್ಯರಾಗಿದ್ದ ಜೆಫ್ರಿ ಡೀನ್, ಅಲ್ಲಿನ ಬಿಳಿಯರ ಕುಟುಂಬಗಳ ವಂಶಾವಳಿಗಳನ್ನು ಹುಡುಕುತ್ತ, 1688ರಲ್ಲಿ ಕೇಪ್‌ನಲ್ಲಿ ವಿವಾಹವಾದ ಡಚ್ ದಂಪತಿಗಳವರೆಗೆ ಹಿಂದೆ ಸಾಗಿದರು. 1963ರಲ್ಲಿ ಈ ಕುರಿತು ಗ್ರಂಥವನ್ನೂ ಪ್ರಕಟಿಸಿದರು. ತಲೆಮಾರುಗಳ ಕಾಲ ಈ ವಂಶಗಳವರು ಹೆಚ್ಚಿನ ಅಪಾಯವಿಲ್ಲದೆ ಬಾಳಿದ್ದರು. ಬಾರ್ಬಿಟ್ಯುರೇಟ್ ಹಾಗೂ ಸಲ್ಫಾ ಔಷಧಿಗಳು ಬಳಕೆಗೆ ಬಂದ ಮೇಲೆಯೇ ಗುಪ್ತವಾಗಿದ್ದ ದೋಷ ಮಾರಕವಾಯಿತು. 1934ರಿಂದ ಬಳಕೆಗೆ ಬಂದ ಥಿಯೋಪೆಂಟೋನ್ ಚುಚ್ಚುಮದ್ದು ಕ್ಷಣಾರ್ಧದಲ್ಲಿ ನಿದ್ರೆ ಬರಿಸುತ್ತಿದ್ದ ಕಾರಣ ವೈದ್ಯರಿಗೆ ಅಚ್ಚುಮೆಚ್ಚಾಗಿತ್ತೆಂಬುದನ್ನು ಇಲ್ಲಿ ನೆನೆಯಬೇಕು.

ಹಲ್ಲುನೋವಿನ ರೋಗಿಯಲ್ಲಿ ಮದ್ದೊಂದೇ ಅಪಾಯವಲ್ಲ. ನೋವಿನಿಂದ ಆತ ಎರಡು ದಿನ ಊಟವನ್ನೇ ಬಿಟ್ಟಿರುತ್ತಾನೆ. ವಸಡಿನಲ್ಲಿ ಕೀವು ತುಂಬಿರುತ್ತದೆ. ಮೇಲೆ ಅರಿವಳಿಕೆಗೆ ಮುಂಚಿನ ಉಪವಾಸ. ಹಸಿವು, ಸೋಂಕು, ಆತಂಕ, ಇವು ಒಂದೊಂದೂ ರೋಗವನ್ನು ಕೆರಳಿಸಬಲ್ಲವು. ಆದುದರಿಂದ ಇಂತಹವರ ಸರದಿಯನ್ನು ಬೆಳಗಿನಲ್ಲಿ ಮೊದಲಿಗೇ ಇಟ್ಟು, ಉಪವಾಸ ಕಿರಿದುಮಾಡಿ, ಅವಶ್ಯವಿದ್ದರೆ ರಕ್ತನಾಳದ ಮೂಲಕ ಗ್ಲೂಕೋಸ್ ಕೊಡುತ್ತಾರೆ. ಕೊಬ್ಬನ್ನು ಉರಿಸಿ ಶಕ್ತಿ ಪಡೆಯಲಾರದ ಬೇರೊಂದು ಆನುವಂಶಿಕ ದೋಷವುಳ್ಳ ಮಕ್ಕಳಿಗೂ ದೀರ್ಘ ಉಪವಾಸ ಕೂಡದು. ಕಾರಣ ಬೇರೆ, ಎಚ್ಚರಿಕೆ ಒಂದೇ. ಪೋರ್ಫೀರಿಯದಲ್ಲಿ ಬಾರ್ಬಿಟ್ಯುರೇಟ್‌ಗಳನ್ನು ಸಂಪೂರ್ಣವಾಗಿ ವರ್ಜಿಸಿ, ನೈಟ್ರಸ್ ಆಕ್ಸೈಡ್ ಅನಿಲವನ್ನಾಗಲಿ ಪ್ರೊಪೊಫಾಲನ್ನಾಗಲಿ ಆಯ್ದುಕೊಳ್ಳುವುದುಂಟು. ಸೋಂಕಿಗೆ ಸಲ್ಫಾ, ರಿಫಾಂಪಿಸಿನ್‌ಗಳು ಸಲ್ಲವು. ಪೆನಿಸಿಲಿನ್ ಸಾಮಾನ್ಯವಾಗಿ ಸಲ್ಲುತ್ತದೆ.

ದೋಷವಿದೆಯೆಂದು ರೋಗಿಗೇ ತಿಳಿಯದಿರುವುದು ಇಲ್ಲಿನ ದೊಡ್ಡ ಕಷ್ಟ. ತಂದೆತಾಯಿಗಳಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೂ ಬರುವ ಸಂಭವ ಅರ್ಧದಷ್ಟು; ಬಂದವರಲ್ಲಿಯೂ ಅನೇಕರು ಆಯುಷ್ಯವಿಡೀ ಸ್ವಸ್ಥರಾಗಿಯೇ ಇರುತ್ತಾರೆ. ಆದುದರಿಂದ ಬಂಧುಗಳಲ್ಲಿ ಯಾರಾದರೂ ಅರಿವಳಿಕೆಯ ನಂತರ ನಿಶ್ಶಕ್ತರಾದರೆ, ಕಾರಣ ತಿಳಿಯದ ಹೊಟ್ಟೆನೋವು ಮರುಕಳಿಸುತ್ತಿತ್ತೆ, ಮೂತ್ರ ಬೆಳಕಿನಲ್ಲಿ ಇಟ್ಟಷ್ಟೂ ಕಪ್ಪಾಗುತ್ತಿತ್ತೆ ಎಂದು ದಂತವೈದ್ಯರು ಮೊದಲೇ ವಿಚಾರಿಸಬೇಕು. ಉಲ್ಬಣದ ಸಮಯದಲ್ಲಿ ಮೂತ್ರದ ಪೋರ್ಫೋಬಿಲಿನೋಜನ್ ಪರೀಕ್ಷೆ ರೋಗವನ್ನು ತೋರಿಸಿಕೊಡುತ್ತದೆ. ಶಾಂತವಿದ್ದಾಗ ಅದು ಸರಿಯಾಗಿಯೇ ಕಾಣಬಹುದಾದುದರಿಂದ ಕುಟುಂಬದ ಇತರರಿಗೆ ಜೀನ್ ಪರೀಕ್ಷೆಯೇ ಹೆಚ್ಚು ನಂಬಲರ್ಹ. ದಕ್ಷಿಣ ಆಫ್ರಿಕದ ಕುಟುಂಬಗಳಲ್ಲಿ ಕಂಡುಬರುವ ಜೀನ್ ಬದಲಾವಣೆಯನ್ನು 1996ರಲ್ಲಿ ಗುರುತಿಸಲಾಯಿತು.