ಮೂರು ಮೆಟ್ಟಿಲುಗಳ ಘಟ್ಟ

ತೆಂಗಿನ ಮರದಿಂದ ಬಿದ್ದು ಬೆನ್ನುಹುರಿ ಘಾಸಿಗೊಂಡು, ಕಾಲುಗಳ ಸ್ವಾಧೀನ ತಪ್ಪಿದ ತಮ್ಮ ಅಣ್ಣನು, ಅನ್ಯರ ಕೈಯನ್ನು ಕಾಯದೆ ಗಾಲಿಕುರ್ಚಿಯಲ್ಲಿ ಅಂಗಳದಿಂದ ಜಗಲಿಗೆ ತಾನೇ ಏರಬೇಕಾದರೆ ಇಳಿಜಾರು ಎಷ್ಟು ಉದ್ದವಿರಬೇಕೆಂದು ಅಂಕೋಲೆಯ ವಾಚಕರೊಬ್ಬರು ಕೇಳಿರುವರು. ಆಷಾಢದ ನೀರಿಗೆ ಅಂಜಿ ಎತ್ತರದ ತಳಪಾಯದ ಮೇಲೆ ಚಿರೆಕಲ್ಲಿನ ಮನೆ ಕಟ್ಟುವ ಕಾರವಾರದ ಕಡೆಯವರಿಗೆ ಇದು ಸಾಮಾನ್ಯ ಸಂಕಟವೇ ಸರಿ.

ಉತ್ತರವು ಅವರ ಊರ ಬಳಿಯ ಅರಬೈಲು ಘಟ್ಟದಲ್ಲಿಯೇ ಇದೆ. ಯಲ್ಲಾಪುರಕ್ಕೆ ಏರುವ ಆ ದಾರಿಯು ಬೆಟ್ಟಕ್ಕೆ ಎದೆಯೊಡ್ಡದೆ, ಅದರ ಮಗ್ಗುಲನ್ನು ಬಳಸಿ ಬಳಸಿ ಹೋಗುತ್ತದೆ. ಏರಬೇಕಾದ ಎತ್ತರದಲ್ಲಿ ಎಳ್ಳಷ್ಟೂ ರಿಯಾಯಿತಿಯಿಲ್ಲ, ಆದರೆ ದಾರಿ ನೀಳವಾದಷ್ಟೂ ಎತ್ತಿನ ಹೆಗಲಿನ ಎಳೆತ ಹಗುರ.

ಗಾಡಿಯವನು ಅನುಭವದಿಂದ ಅರಿತಿದ್ದ ಈ ತತ್ತ್ವವು ಪಂಡಿತರಿಗೆ ಬಹುಕಾಲ ದಕ್ಕಲಿಲ್ಲ. ಅಲೆಕ್ಸಾಂಡ್ರಿಯದ ಪಾಪಸನು ಲೆಕ್ಕ ಹಾಕಿ ತಪ್ಪಿದನು. 1586ರಲ್ಲಿ ಸೈಮನ್ ಸ್ಟೀವಿನನು, ಒಂದು ಮಗ್ಗುಲು ಇನ್ನೊಂದರ ಎರಡರಷ್ಟು ಉದ್ದವಿರುವ ತ್ರಿಕೋನದ ಮೇಲೆ 14 ಸಮಭಾರದ ಗುಂಡುಗಳ ಮಾಲೆಯೊಂದನ್ನು ಮನಸ್ಸಿನಲ್ಲಿಯೇ ತೊಡಿಸಿದನು: ಉದ್ದದ ಮಗ್ಗುಲಲ್ಲಿ ನಾಲ್ಕು, ಗಿಡ್ಡದಲ್ಲಿ ಎರಡು, ಉಳಿದ ಎಂಟು ಕೆಳಗೆ ಜೋಲುತ್ತಿವೆ. ಮಾಲೆ ಒಂದು ಕಡೆಗೆ ಜಾರಿದರೆ ಅದರ ರೂಪ ಮೊದಲಿನಂತೆಯೇ ಇರುವುದರಿಂದ ಎಂದೆಂದಿಗೂ ಜಾರುತ್ತಲೇ ಇರಬೇಕು, ಅದು ಅಸಂಭವ, ಆದ್ದರಿಂದ ನಾಲ್ಕನ್ನು ಎರಡೇ ತಡೆದು ನಿಲ್ಲಿಸಿವೆ! ಕಾಗದದ ಮೇಲೆ ಒಂದು ಅಂಕಿಯನ್ನೂ ಗೀಚದೆ ಸಾಧಿಸಿದ ಇಂತಹ ಸಿದ್ಧಿ ವಿಜ್ಞಾನದಲ್ಲಿ ವಿರಳ.

ಇನ್ನು ಜಗಲಿಗೆ ಬರೋಣ. ಮೂರು ಮೆಟ್ಟಿಲು ಕೂಡಿ 45 ಸೆಂಟಿಮೀಟರು. ಒಂದಕ್ಕೆ ಹನ್ನೆರಡರ ಪ್ರಮಾಣದಲ್ಲಿ ಇಳಿಜಾರು 5.4 ಮೀಟರು. ಕುರ್ಚಿಯೂ ಆಳೂ ಸೇರಿ 80 ಕಿಲೋ ತೂಗಿದರೆ ಭುಜಗಳು ತಡೆಯಬೇಕಾದದ್ದು 7 ಕಿಲೋಗೂ ಕಡಿಮೆ ಭಾರ, ಗಾಲಿಯ ಘರ್ಷಣೆ ಬೇರೆ. ಸ್ಥಳವಿಲ್ಲವೆಂದು ಒಂದಕ್ಕೆ ನಾಲ್ಕು ಮಾಡಿದರೋ, ಹೆಚ್ಚುಕಡಿಮೆ 20 ಕಿಲೋ, ಜೊತೆಗೆ ಕುರ್ಚಿ ಹಿಂದಕ್ಕೆ ಮಗುಚುವ ಭಯ. ಅಂಗಳ ಕಿರಿದಾದರೆ ಘಟ್ಟದಂತೆಯೇ ನಡುವೆ ಸಮತಟ್ಟಿನ ತಂಗು ಬಿಟ್ಟು ತಿರುಗಿಸಬಹುದು. ಮೆಟ್ಟಿಲು ಹತ್ತುವ ಯಂತ್ರಕುರ್ಚಿಯ ಜಾಹೀರಾತಿಗೆ ಮರುಳಾಗುವ ಮುನ್ನ ಇದನ್ನು ಕಟ್ಟಿಸಿ ನೋಡಲಿ; ಇದಕ್ಕೆ ಬ್ಯಾಟರಿ ಬೇಡ.

ಅಂಗವಿಕಲರು ಇಂತಹ ಕಡೆಯೇ ಇರಬೇಕೆಂದು ಯಾರೂ ಕಟ್ಟುಪಾಡು ಮಾಡಕೂಡದೆಂಬುದು 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದ ಐದನೆಯ ಕಲಮಿನ ಆಶಯ. ಸರಕಾರದ ಸಹಾಯವನ್ನು ವಿಚಾರಿಸಲು ಗ್ರಾಮ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತರನ್ನು ಕಾಣಬಹುದು. ಗಾರೆಯವನಿಗೆ ಮಾತ್ರ ನನ್ನದೊಂದು ಮಾತು: ಇಳಿಜಾರಿನ ಮೈಯನ್ನು ನುಣ್ಣಗೆ ತೀಡಬೇಡ, ಮಳೆಗಾಲದಲ್ಲಿ ಪಾಚಿ ಹಿಡಿಯುತ್ತದೆ, ಸಿಮೆಂಟು ಹಸಿಯಿರುವಾಗಲೇ ಹಿಡಿಕಡ್ಡಿಯಿಂದ ಅಡ್ಡಡ್ಡ ಗೀರು ಎಳೆ.