ಸುರಂಗದ ಬಾಯಿ ಎಲ್ಲಿರಬೇಕು?

ಮಂಡಿಯೊಳಗಿನ ಎಸಿಎಲ್ ಲಿಗಮೆಂಟ್ ಪೂರ್ತಿ ಹರಿದರೆ ಹಲವು ಬಾರಿ ತಾನಾಗಿ ಕೂಡಿಕೊಳ್ಳುವುದಿಲ್ಲ. ಹಾಗಾಗಿ ರೋಗಿಯದ್ದೇ ಇನ್ನೊಂದು ಸ್ನಾಯುರಜ್ಜು ತೆಗೆದು, ತೊಡೆಮೂಳೆಗೂ ಕೆಳಗಾಲಿನ ಮೂಳೆಗೂ ಸುರಂಗ ಕೊರೆದು ಕೂರಿಸುತ್ತಾರೆ. ಸುರಂಗದ ಬಾಯಿ ಕೆಲವೇ ಮಿಲಿಮೀಟರ್ ಸರಿದರೂ ಮಂಡಿ ಮಡಚಿ ಚಾಚುವಾಗ ರಜ್ಜು ಅತಿಯಾಗಿ ಬಿಗಿಯುತ್ತದೆ, ಇಲ್ಲವೇ ಸಡಿಲವಾಗುತ್ತದೆ. ಫ್ರಾನ್ಸಿನ ಗ್ರೆನೋಬಲ್ ತಂಡ 1995ರಲ್ಲಿ ಪ್ರಕಟಿಸಿದ ಪ್ರಯೋಗ ಹಿಡಿದದ್ದು ಈ ಸಮಸ್ಯೆಯನ್ನೇ. ಎರಡೂ ಮೂಳೆಗಳಿಗೆ ಗುರುತುಗಳನ್ನು ಕಟ್ಟಿ, ಕ್ಯಾಮೆರಾದಿಂದ ಅವುಗಳ ಚಲನೆ ಹಿಡಿದು, ಮಂಡಿ ಮಡಚಿದಾಗ ಪರಸ್ಪರ ದೂರ ಅತಿ ಕಡಿಮೆ ಬದಲಾಗುವ ಎರಡು ಬಿಂದುಗಳನ್ನು ಕಂಪ್ಯೂಟರ್ ಹುಡುಕಿ ತೋರಿಸಿತು. ಸಿಟಿ ಸ್ಕ್ಯಾನ್ ಕೂಡ ಬೇಕಿರಲಿಲ್ಲ. ತಮಾಷೆಯೆಂದರೆ, ಆ ಗುರಿಯನ್ನೇ ಮುಂದೆ ವೈದ್ಯಲೋಕ ಬದಲಿಸಿತು. ಸಹಜ ಲಿಗಮೆಂಟಿನ ಉದ್ದ ಮಂಡಿ ಮಡಚಿದಾಗ ಎಲ್ಲ ಎಳೆಗಳಲ್ಲೂ ಒಂದೇ ಸಮ ಇರುವುದಿಲ್ಲ. ಹಾಗಾಗಿ ಹಳೆಯ ಲಿಗಮೆಂಟ್ ಮೂಳೆಗೆ ಅಂಟಿಕೊಂಡಿದ್ದ ಜಾಗವನ್ನೇ ಸುರಂಗ ಅನುಸರಿಸಬೇಕೆಂಬ ವಾದ ಗೆದ್ದಿತು. ಯಂತ್ರ ಕೊಟ್ಟ ಗುರಿಯನ್ನು ಮುಟ್ಟುತ್ತದೆ, ಗುರಿ ಸರಿಯೇ ಎಂದು ಕೇಳುವುದಿಲ್ಲ.

ಹಾಗಾದರೆ ನ್ಯಾವಿಗೇಷನ್ ಎಂದು ಕರೆಯುವ ಈ ಕಂಪ್ಯೂಟರ್ ಮಾರ್ಗದರ್ಶನಕ್ಕೆ ಬೆಲೆಯೇನು? ಗ್ರೆನೋಬಲ್‌ನಲ್ಲೇ 60 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ನ್ಯಾವಿಗೇಷನ್ ಬಳಸಿದ ಮಂಡಿಗಳ ಸಡಿಲತೆಯಲ್ಲಿ ಏರುಪೇರು ಕಡಿಮೆಯಿತ್ತು, ಆದರೆ ರೋಗಿಗಳ ಒಟ್ಟಾರೆ ಅಂಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಪರಾಮರ್ಶೆಯೂ ಲಾಭ ಸಾಬೀತಾಗಿಲ್ಲ ಎಂದಿತು. ಸಮಯವಂತೂ ಹೆಚ್ಚು ಹಿಡಿಯುತ್ತದೆ, ಮೂಳೆಗೆ ಪಿನ್ನುಗಳನ್ನೂ ಚುಚ್ಚಬೇಕು. ಮೊದಲ ಬಾರಿಯ ಸಾಮಾನ್ಯ ಶಸ್ತ್ರಕ್ರಿಯೆಗೆ, ಪಳಗಿದ ಕೈಗೆ, ಈ ಖರ್ಚು ದಂಡವೆಂಬುದನ್ನು ನಾನು ಒಪ್ಪುತ್ತೇನೆ.

ಆದರೆ ಒಮ್ಮೆ ಕಟ್ಟಿದ ರಜ್ಜು ಸೋತು ಮರುಶಸ್ತ್ರಕ್ರಿಯೆಗೆ ಬಂದ ಮಂಡಿಯ ಕಥೆ ಬೇರೆ. ಇಂಥ ಮರುಶಸ್ತ್ರಕ್ರಿಯೆಗಳನ್ನೇ ಪರಿಶೀಲಿಸಿದ ಅಮೆರಿಕದ ಮಾರ್ಸ್ ಅಧ್ಯಯನ ತಂಡದ ಪ್ರಕಾರ, ತಾಂತ್ರಿಕ ತಪ್ಪುಗಳಲ್ಲಿ ಮುಂದಿರುವುದು ತೊಡೆಮೂಳೆಯ ಸುರಂಗ ಜಾಗ ತಪ್ಪಿದ್ದು. ಮತ್ತೆ ಒಳಹೊಕ್ಕಾಗ ಹಳೆಯ ಸುರಂಗ ಅಗಲವಾಗಿರಬಹುದು, ಸ್ಕ್ರೂ ಅಡ್ಡವಿರಬಹುದು, ಲಿಗಮೆಂಟಿನ ಮೂಲ ಗುರುತೇ ಅಳಿಸಿರಬಹುದು. ಇಷ್ಟಕ್ಕೆ ಸಿಟಿ ಸ್ಕ್ಯಾನ್ ಸಾಲದೇ ಎಂದು ಕೇಳಬಹುದು. ಸುರಂಗದ ಅಗಲ, ದಿಕ್ಕು ಅದರಲ್ಲಿ ಚೆನ್ನಾಗಿ ಕಾಣುತ್ತವೆ. ಮೊದಲು ಮೂಳೆ ತುಂಬಿ, ತಿಂಗಳುಗಳ ನಂತರ ಹೊಸ ರಜ್ಜು ಕೂರಿಸಬೇಕೇ ಎಂಬ ತೀರ್ಮಾನಕ್ಕೂ ಅದೇ ಆಧಾರ. ಆದರೆ ಸ್ಕ್ಯಾನ್ ಕಾಣುವುದು ಅಲುಗಾಡದ ಮಂಡಿಯನ್ನು. ಕೆಳಗಾಲು ಎಷ್ಟು ಮುಂದೆ ಜಾರುತ್ತದೆ, ಎಷ್ಟು ತಿರುಗುತ್ತದೆ ಎಂಬುದನ್ನು ರಜ್ಜು ಕೂರಿಸುವ ಮುಂಚೆಯೂ ಆಮೇಲೂ ಮೇಜಿನ ಮೇಲೆಯೇ ಅಳೆದುಕೊಡುವುದು ನ್ಯಾವಿಗೇಷನ್. ತಿರುಗುವಿಕೆ ಇನ್ನೂ ಉಳಿದಿದ್ದರೆ, ಮಂಡಿಯ ಹೊರಬದಿಗೂ ಆಸರೆ ಕೊಡಬೇಕೇ ಎಂದು ಸರ್ಜನ್ ಗಾಯ ಹೊಲಿಯುವ ಮೊದಲೇ ಯೋಚಿಸಬಹುದು.